ಕೈದಾಳದ ಕೈ, ಮನೆಯಲ್ಲಿ ಕಟ್ಟಿದ ಕಾರು

ತಾನು ಮಾಡಿದ ವಸ್ತುವಿಗೆ ಮನುಷ್ಯ ಎಲ್ಲಿಯವರೆಗೆ ಹೊಣೆ? ಕುರ್ಚಿ ಮಾಡಿದವನನ್ನು ಈ ಪ್ರಶ್ನೆ ಹೆಚ್ಚು ಕಾಡದಿರಬಹುದು. ಕಾರು ಕಟ್ಟಲು ಹೊರಟವನನ್ನು ಕಾಡಲೇಬೇಕು.

ಮನೆಯಲ್ಲೇ ಕಾರು ಜೋಡಿಸುವ ಹವ್ಯಾಸಕ್ಕೆ ಹೆಸರು ತಂದದ್ದು 1957ರಲ್ಲಿ ಬ್ರಿಟನ್ನಿನಲ್ಲಿ ಬಂದ ಲೋಟಸ್ ಸೆವೆನ್. ಬಿಡಿಭಾಗಗಳನ್ನು ಕೊಂಡು ತಾವೇ ಜೋಡಿಸಿದರೆ ಅಲ್ಲಿ ತೆರಿಗೆ ಉಳಿಯುತ್ತಿತ್ತು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಬಾಹಾ ಸ್ಪರ್ಧೆಗೆಂದು ವಾಹನ ಕಟ್ಟುತ್ತಾರೆ. ಹವ್ಯಾಸಿಗೆ ಎಂಜಿನ್, ಗೇರ್‌ಬಾಕ್ಸ್ ಹಳೆಯ ಕಾರಿನಿಂದ ಸಿಗುತ್ತವೆ. ಸಸ್ಪೆನ್ಷನ್ನಿನ ತೋಳುಗಳನ್ನು ಮಾತ್ರ ಸಾಮಾನ್ಯವಾಗಿ ಕೈಯಾರೆ ಮಾಡಬೇಕು: ಉಕ್ಕಿನ ಕೊಳವೆಯನ್ನು ಅಳತೆಗೆ ಕತ್ತರಿಸಿ, ಜಿಗ್‌ನಲ್ಲಿ ಬಿಗಿದು, ಬುಷ್ ಕೂರುವ ತುದಿಗೆ ವೆಲ್ಡ್ ಮಾಡಬೇಕು. ಚಕ್ರ ಗುಂಡಿಗೆ ಬಿದ್ದಾಗ, ಬ್ರೇಕ್ ಒತ್ತಿದಾಗ ಪೆಟ್ಟು ತಿನ್ನುವುದು ಈ ತೋಳುಗಳೇ.

ವೆಲ್ಡಿನ ಗುಣ ಹೊರಗಿನಿಂದ ಪೂರ್ತಿ ಗೊತ್ತಾಗುವುದಿಲ್ಲ. ಗ್ರೈಂಡರಿನಿಂದ ಉಜ್ಜಿ ಬಣ್ಣ ಬಳಿದರೆ ಲೋಹ ಬೆರೆಯದ ಜಾಗವೂ ನುಣ್ಣಗೆ ಕಾಣುತ್ತದೆ. ಅದು ಮೊದಲ ದಿನವೇ ಮುರಿಯಬೇಕೆಂದಿಲ್ಲ. ಸಾವಿರಾರು ಸಲ ಒತ್ತಡ ತಿಂದು, ಕೂದಲೆಳೆಯಷ್ಟು ಬಿರುಕು ಬೆಳೆದು, ಒಂದು ದಿನ ಕೈಕೊಡುತ್ತದೆ. ಆ ದಿನ ಕಾರು ಕುಣಿಗಲ್ ಬಳಿ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿರಬಹುದು. ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡ ಬೈಕ್ ಇರಬಹುದು. ‘ನನ್ನ ಕಾರು, ನನ್ನ ಜೀವ’ ಎಂಬ ವಾದ ಅಲ್ಲಿಗೆ ಮುಗಿಯಿತು.

ಹಾಗಾದರೆ ಕೈಯಿಂದ ಮಾಡುವುದೇ ತಪ್ಪೇ? ತುಮಕೂರಿನ ಪಕ್ಕದ ಕೈದಾಳದ ಐತಿಹ್ಯ ಇಲ್ಲಿ ನೆನಪಾಗುತ್ತದೆ. ಬೇಲೂರಿನಲ್ಲಿ ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದ. ದೋಷವಿದ್ದರೆ ಕೈ ಕತ್ತರಿಸಿಕೊಳ್ಳುವೆನೆಂದು ಶಿಲ್ಪಿ ಪಣ ತೊಟ್ಟ. ವಿಗ್ರಹಕ್ಕೆ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಒಣಗಲಿಲ್ಲ. ಅಲ್ಲಿ ಕಪ್ಪೆಯಿತ್ತು. ಆ ಹುಡುಗ ಡಂಕಣ ಅವನ ಮಗನೇ. ಕಳೆದುಕೊಂಡ ಕೈ ಮರಳಿ ಬಂದ ಊರು ಕೈದಾಳ.

ನಾವು ಸಾಮಾನ್ಯವಾಗಿ ಕೊಂಡಾಡುವುದು ಕೈ ಕತ್ತರಿಸಿಕೊಂಡ ನಿಷ್ಠೆಯನ್ನು. ಆದರೆ ಅದರಿಂದ ಕಲ್ಲಿನ ದೋಷ ಹೋಗಲಿಲ್ಲ. ಅನಾಹುತವಾದ ಮೇಲಿನ ಪಶ್ಚಾತ್ತಾಪ ಎಷ್ಟೇ ದೊಡ್ಡದಿರಲಿ, ಪೆಟ್ಟು ತಿಂದವರಿಗೆ ಅದರಿಂದ ಉಪಯೋಗವಿಲ್ಲ. ಕಥೆಯಲ್ಲಿ ಕೆಲಸ ಮಾಡಿದ್ದು ಗಂಧ. ಇಂದಿನ ವರ್ಕ್‌ಶಾಪಿನಲ್ಲೂ ಅಂಥದ್ದೊಂದಿದೆ: ವೆಲ್ಡಿನ ಮೇಲೆ ಕೆಂಪು ದ್ರವ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಮೇಲ್ಮೈಯ ಬಿರುಕು ಕೆಂಪು ಗೆರೆಯಾಗಿ ಕಾಣುತ್ತದೆ. ಒಳಗಿನ ಬೆಸುಗೆ ತಿಳಿಯಬೇಕಾದರೆ ಅದೇ ಕೊಳವೆಯ ತುಂಡೊಂದನ್ನು ಅದೇ ರೀತಿ ಬೆಸೆದು, ಅಡ್ಡ ಕೊಯ್ದು ನೋಡಬೇಕು.

ನೋಡುವವರು ಯಾರು ಎಂಬುದೂ ಮುಖ್ಯ. ಹೆತ್ತವರಿಗೆ ಹೆಗ್ಗಣ ಮುದ್ದು. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ವೈಮಾನಿಕ ಉದ್ಯಮದಲ್ಲಿ ಮಹತ್ವದ ಭಾಗವನ್ನು ಮಾಡುವವರು ಒಬ್ಬರು, ಪರೀಕ್ಷಿಸುವವರು ಇನ್ನೊಬ್ಬರು. ಇದು ಕುಶಲಕರ್ಮಿಯ ಮೇಲಿನ ಅಪನಂಬಿಕೆಯಲ್ಲ. ಮಮತೆ ಕಣ್ಣನ್ನು ಮಂಜಾಗಿಸುತ್ತದೆ ಎಂಬ ತಿಳಿವಳಿಕೆ.

ನಮ್ಮ ಮೋಟಾರು ಕಾನೂನು ಕಾರ್ಖಾನೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಬ್ರಿಟನ್ನಿನಲ್ಲಿ ಒಂದೇ ಒಂದು ಕಾರು ಕಟ್ಟಿದವನೂ ಅದನ್ನು ತಪಾಸಣೆಗೆ ಒಡ್ಡಿ ರಸ್ತೆಗಿಳಿಸಬಹುದು. ನನಗೆ ಈ ದಾರಿಯೇ ಹೆಚ್ಚು ನ್ಯಾಯವೆನಿಸುತ್ತದೆ. ಮಾಡುವ ಹಕ್ಕು ಕೈಗಿರಲಿ, ತೀರ್ಪಿನ ಹಕ್ಕು ಅದೇ ಕೈಗೆ ಬೇಡ. ತನ್ನ ಕೆಲಸದ ಕಪ್ಪೆಯನ್ನು ಇನ್ನೊಬ್ಬ, ಅದೂ ಕಿರಿಯ, ತೋರಿಸಿದಾಗ ಗಂಧ ತರಿಸುವುದೇ ಹೊಣೆಗಾರಿಕೆ. ಹಾಗೆ ಮಾಡಿದವನಿಗೆ ಕೈ ಕತ್ತರಿಸಿಕೊಳ್ಳುವ ಪ್ರಮೇಯವೇ ಬರುವುದಿಲ್ಲ.