ಗಾರೆಯ ಮೆದುತನ

ಕಳೆದ ಮಳೆಗಾಲ ಗಿರ್‌ಗಾಂವ್‌ನ ನಮ್ಮ ಹಳೆಯ ಚಾಳಿನ ಗೋಡೆಯಿಂದ ಇಟ್ಟಿಗೆ ಪುಡಿಯಾಗಿ ಉದುರತೊಡಗಿತು. ಉದುರಿದ್ದು, ಹಿಂದೆ ನಾವೇ ಸಿಮೆಂಟ್ ತುಂಬಿಸಿ ಗಟ್ಟಿ ಮಾಡಿಸಿದ್ದ ಜಾಗದಲ್ಲೇ!

ರಿಪೇರಿಗೆ ಬಂದ ಹಿರಿಯ ಮೇಸ್ತ್ರಿ ಕಾರಣ ಹೇಳಿದರು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು; ಗೋಡೆಯ ತೇವವನ್ನು ಹೊರಬಿಡುತ್ತಾ ತಾನೇ ಮೊದಲು ಸವೆಯುತ್ತದೆ. ಸಿಮೆಂಟ್ ದಾರಿ ಬಿಡುವುದಿಲ್ಲ. ಆಗ ನೀರು ಇಟ್ಟಿಗೆಯ ಮೂಲಕವೇ ಆರಬೇಕು. ಅದರೊಳಗಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಡೆಯುತ್ತದೆ. ಗಾರೆ ಹೋದರೆ ಮತ್ತೆ ತುಂಬಬಹುದು. ಇಟ್ಟಿಗೆ ಹೋದರೆ ಹೋಯಿತು.

ತಪ್ಪು ಯಾರದು? 1947ರ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿದ್ದರಿಂದ ರಿಪೇರಿ ಗಿಟ್ಟುವುದಿಲ್ಲ ಎಂಬುದು ಮಾಲೀಕರ ವಾದ. ಮನೆ ನಮ್ಮದಲ್ಲ ಎಂಬುದು ನಮ್ಮದು. ನನ್ನ ಮನಸ್ಸಿನಲ್ಲಿ ಇನ್ನೂ ಒಂದಿತ್ತು: ಇದು ನಮ್ಮೂರೇ ಅಲ್ಲವಲ್ಲ! ಒಮ್ಮೆ ಮಾಡಿಸಿ ಮರೆತುಬಿಡಬಹುದೆಂದೇ ಸಿಮೆಂಟಿಗೆ ಒಪ್ಪಿದ್ದೆ. ಆದರೆ ಮೂವತ್ತು ವರ್ಷ ನನ್ನನ್ನು ಮಳೆಯಿಂದ ಕಾದ ಗೋಡೆಗೆ ನಾನು ಋಣಿಯಲ್ಲವೇ? ಋಣಕ್ಕೆ ಮಾಲೀಕತ್ವದ ಕಾಗದ ಬೇಕೇ?

ಈ ಸಲ ಸುಣ್ಣವೇ ಆಗಲಿ ಎಂದೆ.

“ಆಗಾಗ ನೋಡಿಕೊಳ್ಳಬೇಕಾಗುತ್ತದೆ,” ಎಂದರು ಮೇಸ್ತ್ರಿ.

“ನೋಡಿಕೊಳ್ಳುತ್ತೇನೆ. ಇಲ್ಲೇ ಇರುತ್ತೇನಲ್ಲ,” ಎಂದೆ.