ಪೀಠದಲ್ಲಿ ಕೊರೆದ ಹೆಸರು

ನಮ್ಮ ಬ್ಯಾಂಕಿನಲ್ಲಿ ಮ್ಯಾನೇಜರ್ ಬಡ್ತಿಗೆ ಅರ್ಜಿ ಕರೆದಾಗಲೆಲ್ಲ ಭಗವದ್ಗೀತೆ ಹೊರಬರುತ್ತದೆ. "ಕೆಲಸ ಮಾಡೋದು ನಮ್ದು, ಫಲ ಅವನಿಗೆ ಬಿಟ್ಟಿದ್ದು" ಅನ್ನುವವರಲ್ಲಿ ಹೆಚ್ಚಿನವರು ಆಗಲೇ ಕ್ಯಾಬಿನ್ನಿನೊಳಗೆ ಕೂತವರು. ಕೌಂಟರಿನಲ್ಲಿ ಚಿನ್ನದ ಸಾಲದ ಪೊಟ್ಟಣ ಎಣಿಸುವ ನಮ್ಮಂಥವರಿಗೆ ಅದು ಉಪದೇಶ.

ಅವರು ನೆನೆಯುವುದು ಎರಡನೇ ಅಧ್ಯಾಯದ 47ನೇ ಶ್ಲೋಕವನ್ನು. ಅದರ ಕೊನೆಯ ಪಾದ ಯಾರ ಬಾಯಿಗೂ ಬರುವುದಿಲ್ಲ: ಸುಮ್ಮನೆ ಕೂರುವುದಕ್ಕೂ ಅಂಟಿಕೊಳ್ಳಬೇಡ ಅನ್ನುತ್ತಾನೆ ಕೃಷ್ಣ. ಮೂರನೇ ಅಧ್ಯಾಯದಲ್ಲಂತೂ ಅವನು ಉದಾಹರಣೆಗೆ ಕರೆತರುವುದು ರಾಜ್ಯವಾಳಿದ ಜನಕನನ್ನು. ಹೊಣೆಯ ಕುರ್ಚಿ ಬೇಕೆನ್ನುವುದು ಪಾಪ ಎಂದು ಗೀತೆಯಿಂದ ಸಾಧಿಸುವುದು ಕಷ್ಟ.

ನನಗೆ ತೊಡಕಾದದ್ದು ಹದಿನೆಂಟನೇ ಅಧ್ಯಾಯ. ಅದರ 26ನೇ ಶ್ಲೋಕದ ಪ್ರಕಾರ ಸಾತ್ವಿಕನಾಗಿ ಕೆಲಸ ಮಾಡುವವನಿಗೆ ಧೈರ್ಯ ಬೇಕು, ಉತ್ಸಾಹ ಬೇಕು, ಗೆದ್ದರೂ ಸೋತರೂ ಮನಸ್ಸು ಕದಡಬಾರದು; ಜೊತೆಗೆ ಅವನು 'ನಾನು, ನಾನು' ಎನ್ನಬಾರದು. ಸ್ವಯಂ ಮೌಲ್ಯಮಾಪನದ ನಮೂನೆಯೋ, ನೀವೇನು ಮಾಡಿದಿರಿ ಎಂದೇ ಕೇಳುತ್ತದೆ. ಬರೆದರೆ ಅಹಂಕಾರ, ಬರೆಯದಿದ್ದರೆ ಮೇಲಿನವರಿಗೆ ನಾನು ಇದ್ದೇನೆಂದೇ ಗೊತ್ತಾಗದು.

ನಾನು ಹಾಸನದವಳು. ಮನೆಗೆ ಬಂದ ನೆಂಟರನ್ನೆಲ್ಲ ಬೇಲೂರಿನ ಗುಡಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಈ ತೊಡಕು ಸ್ವಲ್ಪ ಸಡಿಲವಾದದ್ದು ಅಲ್ಲೇ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಸೋಮನಾಥಪುರದ ಗುಡಿಯಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ದೇವರ ಕೆಲಸಕ್ಕೇ ಸಹಿ ಹಾಕಿದವರು ಇವರು! ಚಾವಣನ ಹೆಸರಿನ ಜೊತೆ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದೂ ಇದೆ. ಅದು ಜಂಬವೇ, ವಾದವಿಲ್ಲ. ಹೆಸರಿನ ಮಾತು ಬೇರೆ. ಹೆಸರು ಮೂರ್ತಿಯ ಕಾಲಡಿ ಇದೆ, ಕೆಲಸ ಅದರ ಮೇಲೆ ನಿಂತಿದೆ. ಮೂಗು ಸೊಟ್ಟಗಾಗಿದ್ದರೆ ಯಾರನ್ನು ಕೇಳಬೇಕೆಂದು ಗೊತ್ತಾಗುತ್ತದೆ. ಇನ್ನೂ ಒಂದು: ಮಗ ಕಡೆದದ್ದಕ್ಕೆ ಮಗನದೇ ಹೆಸರು. ಕೈಕೆಳಗಿನವರ ದುಡಿಮೆಯನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುವ ಎಷ್ಟು ಅಧಿಕಾರಿಗಳಿಗೆ ದಾಸೋಜನ ಈ ಬುದ್ಧಿ ಇದೆ?

ಉತ್ತರ ಹೇಳಲು ಸಿದ್ಧವಿರುವ 'ನಾನು' ಗೀತೆ ಬೇಡವೆಂದ 'ನಾನು' ಅಲ್ಲ ಎಂದು ನನಗನ್ನಿಸಿತು. ಮ್ಯಾನೇಜರ ಬಳಿ ಹೋಗಿ, "ಬೆಳೆಸಾಲ ನವೀಕರಣದ ಹೊಣೆ ನನಗೆ ಕೊಡಿ ಸಾರ್, ಬಾಕಿ ಉಳಿದರೆ ವಲಯ ಕಚೇರಿಗೆ ನಾನೇ ಉತ್ತರ ಕೊಡ್ತೀನಿ" ಅಂದೆ. ಅವರು ಕನ್ನಡಕ ತೆಗೆದು ಒಮ್ಮೆ ನೋಡಿ, ಕಡತ ಕೊಟ್ಟರು. ನಾನಿಲ್ಲದಿದ್ದರೂ ಕೌಂಟರು ನಡೆಯಲೆಂದು ಹೊಸದಾಗಿ ಸೇರಿದ ಹುಡುಗಿಗೆ ಕ್ಯಾಷ್ ಟ್ಯಾಲಿಯಿಂದ ಹಿಡಿದು ಎಲ್ಲ ಕಲಿಸಿದೆ. ನವೀಕರಣಕ್ಕಾಗಿ ಹಳ್ಳಿ ಹಳ್ಳಿ ಸುತ್ತಿದ್ದೂ ಅವಳೇ. ನಮೂನೆಯಲ್ಲಿ ಅದನ್ನೂ ಬರೆದೆ.

ಸಂದರ್ಶನ ಮುಗಿದಿದೆ, ಪಟ್ಟಿ ಇನ್ನೂ ಬಂದಿಲ್ಲ. ಮನಸ್ಸು ಕದಡುವುದಿಲ್ಲ ಎಂದರೆ ಸುಳ್ಳಾದೀತು. ಆದರೂ ಮಾರ್ಚ್ ಕಳೆದು ನಿಮ್ಮ ಕೈಗೂ ಆ ನಮೂನೆ ಬಂದಾಗ, ಸಂಕೋಚಪಟ್ಟು ಖಾಲಿ ಬಿಡಬೇಡಿ. ಜೊತೆಗೆ ದುಡಿದವರ ಹೆಸರನ್ನೂ ಬಿಡಬೇಡಿ.