ಮುಚ್ಚಳಿಕೆಯ ಮೇರೆ ಮತ್ತು ಕಡಲಾಚೆಯ ಉದ್ಯೋಗ

ಶ್ರಾವಕನಿಗೆ ವಿಹಿತವಾದ ಹನ್ನೆರಡು ವ್ರತಗಳಲ್ಲಿ ದಿಗ್ವ್ರತ ಮತ್ತು ದೇಶವ್ರತಗಳನ್ನು ಇಂದು ಸ್ಮರಿಸುವವರು ವಿರಳ. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರಕ್ಕಿಂತ ಆಚೆ ಹೋಗುವುದಿಲ್ಲವೆಂದು ಜೀವಾವಧಿಗೆ ಮೇರೆ ಹಾಕಿಕೊಳ್ಳುವುದು ದಿಗ್ವ್ರತ. ಆ ಮೇರೆಯೊಳಗೆ ಮತ್ತೆ ನಿಯತಕಾಲಕ್ಕೆ ಒಂದು ಊರು, ಒಂದು ಮನೆ ಎಂದು ಕ್ಷೇತ್ರವನ್ನು ಕಿರಿದುಗೊಳಿಸಿಕೊಳ್ಳುವುದು ದೇಶವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮೇರೆಯ ಗುರುತುಗಳನ್ನು ಹೇಳುವಾಗ ಸಮುದ್ರವನ್ನೇ ಮೊದಲು ಹೇಳಿ, ಅನಂತರ ನದಿ, ಅರಣ್ಯ, ಪರ್ವತ, ದೇಶಗಳನ್ನು ಹೇಳಿದ್ದಾರೆ. ಪಡುಗಡಲ ಅಂಚಿನಲ್ಲಿ ಬದುಕುವ ಜೈನ ಕುಟುಂಬಗಳಿಗೆ ಇದು ಕೇವಲ ಗ್ರಂಥದ ಮಾತಲ್ಲ.

ಉಡುಪಿ, ಕಾಪು, ಕಾರ್ಕಳಗಳ ಜನರಿಗೆ ಹೊರದೇಶದ ಉದ್ಯೋಗವು ಹಲವು ದಶಕಗಳಿಂದ ಜೀವನಾಧಾರ. ಇನ್ನಂಜೆಯ ಆಸುಪಾಸಿನ ಶಂಕರಪುರದ ಮಲ್ಲಿಗೆ ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೋಗುವಂತೆ ಅಲ್ಲಿಯ ತರುಣರೂ ಹೋಗುತ್ತಾರೆ. ಹೋಗುವುದು ತಪ್ಪಲ್ಲ. ಆದರೆ ಅಪರಾಧವೊಂದರಲ್ಲಿ ದೋಷಿಯೆಂದು ನಿರ್ಣಯಿಸಲ್ಪಟ್ಟು, ಸೆರೆವಾಸಕ್ಕೆ ಬದಲಾಗಿ ಸನ್ನಡತೆಯ ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಬಂದವನು, ಆ ಅವಧಿ ಮುಗಿಯುವ ಮೊದಲೇ ಕಡಲಾಚೆ ಹೋಗಬಹುದೇ? ಇದು ನ್ಯಾಯವಾದಿಗಳಿಗೆ ಮಾತ್ರ ಬಿಡತಕ್ಕ ಪ್ರಶ್ನೆಯಲ್ಲ; ಶ್ರಾವಕಧರ್ಮದ ಪ್ರಶ್ನೆಯೂ ಹೌದು.

ವಿಚಾರದ ಸ್ಪಷ್ಟತೆಗಾಗಿ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಇನ್ನಂಜೆಯಂತಹ ಊರಿನ ಇಪ್ಪತ್ತಾರರ ತರುಣನೊಬ್ಬ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಗ ಧಣಿಯ ಹಣವನ್ನು ಸ್ವಂತಕ್ಕೆ ಬಳಸಿಕೊಂಡ. ದೂರು, ವಿಚಾರಣೆಗಳಾಗಿ ಉಡುಪಿಯ ನ್ಯಾಯಾಲಯದಲ್ಲಿ ಅಪರಾಧ ಸಿದ್ಧವಾಯಿತು. ಮೊದಲ ತಪ್ಪೆಂದು, ಹಣ ಹಿಂತಿರುಗಿಸುವ ಷರತ್ತಿನೊಡನೆ, ನ್ಯಾಯಾಧೀಶರು ಎರಡು ವರ್ಷದ ಮುಚ್ಚಳಿಕೆಯ ಮೇಲೆ ಅವನನ್ನು ಬಿಟ್ಟರು. ತಂದೆ ಜಾಮೀನಿಗೆ ಸಹಿ ಹಾಕಿದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಕೊಲ್ಲಿ ದೇಶದಲ್ಲಿರುವ ಸೋದರಮಾವ ಕೆಲಸವೊಂದನ್ನು ಗೊತ್ತುಮಾಡಿ, "ಇಲ್ಲಿಯ ಕೋರ್ಟಿನ ಸಂಗತಿ ಅಲ್ಲಿ ಯಾರಿಗೆ ಗೊತ್ತಾಗುತ್ತದೆ ಮಾರಾಯ, ಬೇಗ ಹೊರಡು" ಎಂದು ಹೇಳಿಕಳುಹಿಸುತ್ತಾರೆ. ಮನೆಯಲ್ಲಿ ತಂಗಿಯ ಮದುವೆಯಿದೆ, ಸೊಸೈಟಿಯ ಸಾಲವಿದೆ. ಊರಿನಲ್ಲಿ ಅವನಿಗೆ ಲೆಕ್ಕದ ಕೆಲಸ ಕೊಡುವವರಿಲ್ಲ. ಹದಿನಾರು ತಿಂಗಳು ಕಾದರೆ ಕೆಲಸ ಬೇರೊಬ್ಬನ ಪಾಲಾಗುತ್ತದೆ.

ಇಲ್ಲಿ ಮೊದಲು ತಿಳಿಯಬೇಕಾದುದು ಮುಚ್ಚಳಿಕೆಯ ಸ್ವರೂಪ. ಪ್ರೊಬೇಷನ್ ಅಥವಾ ಪರಿವೀಕ್ಷಣೆ ಎಂಬ ಈ ಪದ್ಧತಿಯ ಮೂಲದಲ್ಲಿ ಇದ್ದವನು ನ್ಯಾಯಾಧೀಶನಲ್ಲ, ಒಬ್ಬ ಗೃಹಸ್ಥ ಕಸುಬುದಾರ. ಅಮೆರಿಕೆಯ ಬಾಸ್ಟನ್ ನಗರದಲ್ಲಿ ಬೂಟು ತಯಾರಿಸುತ್ತಿದ್ದ ಜಾನ್ ಆಗಸ್ಟಸ್ ಎಂಬಾತನು 1841ರಲ್ಲಿ ಕುಡಿತದ ಆರೋಪಿಯೊಬ್ಬನಿಗೆ ತಾನೇ ಜಾಮೀನು ನಿಂತು, ಮೂರು ವಾರಗಳ ಬಳಿಕ ಸುಧಾರಿಸಿದ ಮನುಷ್ಯನನ್ನಾಗಿ ನ್ಯಾಯಾಲಯಕ್ಕೆ ಮರಳಿ ಕರೆತಂದ. ಮುಂದಿನ ಹದಿನೇಳು ವರ್ಷಗಳಲ್ಲಿ ಸುಮಾರು 2000 ಮಂದಿಗೆ ಆತ ಹೀಗೆಯೇ ಹೊಣೆಯಾದ. ಆ ಬಳಿಕವೇ, 1878ರಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನ ಇದಕ್ಕೆ ಶಾಸನದ ರೂಪ ಕೊಟ್ಟಿತು. ಅಂದರೆ ಕಾನೂನಿಗಿಂತ ಮೊದಲು ಒಬ್ಬ ಮನುಷ್ಯನು ಇನ್ನೊಬ್ಬನಿಗಾಗಿ ಕೊಟ್ಟ ಮಾತು ಹುಟ್ಟಿತು.

ಭಾರತದಲ್ಲಿ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯು ಇದೇ ತತ್ತ್ವದ ಮೇಲೆ ನಿಂತಿದೆ. 2024ರ ಜುಲೈ 1ರಿಂದ ಹೊಸ ದಂಡಸಂಹಿತೆಗಳು ಜಾರಿಗೆ ಬಂದರೂ ಈ ಕಾಯಿದೆ ಊರ್ಜಿತದಲ್ಲಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಲ್ಲದ ಅಪರಾಧಗಳಲ್ಲಿ, ಗರಿಷ್ಠ ಮೂರು ವರ್ಷಗಳವರೆಗೆ, ಕರೆದಾಗ ಬಂದು ಶಿಕ್ಷೆ ಸ್ವೀಕರಿಸುವೆನೆಂದೂ ಅಷ್ಟರವರೆಗೆ ಶಾಂತಿಯಿಂದ, ಸನ್ನಡತೆಯಿಂದ ಇರುವೆನೆಂದೂ ಬರೆಯಿಸಿಕೊಂಡು ಅಪರಾಧಿಯನ್ನು ಬಿಡಲು ಅದರ 4ನೆಯ ಕಲಮು ಅವಕಾಶ ಕೊಡುತ್ತದೆ. ಹಾಗೆ ಬಿಡುವ ಮೊದಲು, ಅಪರಾಧಿಗಾಗಲಿ ಅವನ ಜಾಮೀನುದಾರನಿಗಾಗಲಿ ನಿಶ್ಚಿತವಾದ ವಾಸಸ್ಥಳವೋ ಕ್ರಮಬದ್ಧ ಉದ್ಯೋಗವೋ ಇದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಿದ್ದಲ್ಲಿ ವಾಸಸ್ಥಳದ ಬಗ್ಗೆಯೂ ಷರತ್ತು ಹಾಕಬಹುದು. ಹೀಗಾಗಿ ಆ ತರುಣನನ್ನು ಸೆರೆಮನೆಯಿಂದ ಉಳಿಸಿದುದು ನ್ಯಾಯಾಧೀಶರ ದಯೆಯೊಂದೇ ಅಲ್ಲ. ತಂದೆಯ ಮನೆಯೂ ತಂದೆಯ ಸಹಿಯೂ ಅವನನ್ನು ಉಳಿಸಿದುವು.

ಮುಚ್ಚಳಿಕೆಯನ್ನು ವ್ರತಕ್ಕೆ ಹೋಲಿಸುವುದು ಸರಿಯೇ ಎಂದು ಕೆಲವರು ಕೇಳಬಹುದು. ವ್ರತ ಸ್ವೇಚ್ಛೆಯಿಂದ ಬಂದುದು, ಮುಚ್ಚಳಿಕೆ ಸೆರೆಮನೆಯ ಭಯದಿಂದ ಬಂದುದು ಎಂಬ ಭೇದ ನಿಜ. ಆದರೆ ವ್ಯಾಪಾರದ ನ್ಯಾಯದಿಂದ ನೋಡಿದರೂ ಉತ್ತರ ಸಿಗುತ್ತದೆ. ಮುದ್ದತಿನ ಮೇಲೆ ಮಾಲು ಕೊಂಡವನು, "ಆ ದಿನ ನನಗೆ ಕಷ್ಟವಿತ್ತು, ಆದುದರಿಂದ ಬರೆದುಕೊಟ್ಟೆ, ಈಗ ಆ ಬರಹಕ್ಕೆ ಬದ್ಧನಲ್ಲ" ಎನ್ನಲಾರನು. ಮಾಲು ಅವನ ಕೈ ಸೇರಿದೆ. ಇಲ್ಲಿ ಕೈ ಸೇರಿದ ಮಾಲು ಸ್ವಾತಂತ್ರ್ಯವೇ. ಅದರ ಬೆಲೆಯನ್ನು ದಿನಗಳ ಲೆಕ್ಕದಲ್ಲಿ ತೀರಿಸಬೇಕಾಗಿದೆ. ತತ್ತ್ವಾರ್ಥಸೂತ್ರವು ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಮತ್ತು ಸ್ಮೃತ್ಯಂತರಾಧಾನಗಳನ್ನು ಎಣಿಸುತ್ತದೆ. ಲೋಭದಿಂದ ಮೇರೆಯನ್ನು ಹಿಗ್ಗಿಸಿಕೊಳ್ಳುವುದು ಮೊದಲನೆಯದು, ಹಾಕಿಕೊಂಡ ಮೇರೆಯನ್ನು ಮರೆಯುವುದು ಎರಡನೆಯದು. ಹೇಳದೆ ಹೊರಡುವವನಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಅಚೌರ್ಯವ್ರತದ ಅತಿಚಾರಗಳಲ್ಲಿಯೂ ವಿರುದ್ಧರಾಜ್ಯಾತಿಕ್ರಮವೆಂಬುದೊಂದಿದೆ. ವ್ಯಾಖ್ಯಾನಕಾರರು ಇದನ್ನು ಪ್ರಧಾನವಾಗಿ ವ್ಯಾಪಾರಕ್ಕೆ ಅನ್ವಯಿಸಿದ್ದರೂ, ರಾಜ್ಯದ ಕಟ್ಟಳೆಯನ್ನು ಮೀರಿ ಪಡೆದ ಲಾಭವು ಕಳವಿನ ನೆರೆಯದೆಂಬ ಅದರ ಭಾವ ಈ ಪ್ರಸಂಗಕ್ಕೂ ಸಲ್ಲುತ್ತದೆ.

ಹಾಗಾದರೆ ಅವನು ಹೋಗಲೇಬಾರದೇ? ಹಾಗೇನೂ ಇಲ್ಲ. ಹೋಗುವುದು ಒಂದು, ಹೇಳದೆ ಹೋಗುವುದು ಇನ್ನೊಂದು. ನೇರವಾದ ದಾರಿ ನ್ಯಾಯಾಲಯದ ಬಾಗಿಲಿನಿಂದಲೇ ಹಾದುಹೋಗುತ್ತದೆ. ಉದ್ಯೋಗದ ಪತ್ರ, ಉಳಿಯುವ ವಿಳಾಸ, ತಂದೆಯ ಒಪ್ಪಿಗೆ, ಹಣ ಹಿಂತಿರುಗಿಸಿದ ರಸೀದಿ ಇವುಗಳೊಡನೆ ವಕೀಲರ ಮೂಲಕ ಅನುಮತಿ ಬೇಡಬಹುದು. ಪರಿವೀಕ್ಷಣಾಧಿಕಾರಿಯ ಕೋರಿಕೆಯ ಮೇಲೆ ಮುಚ್ಚಳಿಕೆಯ ಷರತ್ತುಗಳನ್ನು ಬದಲಿಸಲು, ನಡತೆ ತೃಪ್ತಿಕರವಾಗಿದ್ದಲ್ಲಿ ಅವಧಿಗೆ ಮುನ್ನವೇ ಬಿಡುಗಡೆ ಮಾಡಲು ಸಹ 8ನೆಯ ಕಲಮಿನಲ್ಲಿ ಅವಕಾಶವಿದೆ. ನ್ಯಾಯಾಲಯ ಒಪ್ಪಬಹುದು, ಒಪ್ಪದಿರಬಹುದು. ಒಪ್ಪದಿದ್ದರೆ ಹದಿನಾರು ತಿಂಗಳು ಕಾಯಬೇಕು. ಕೆಲಸ ಕೈತಪ್ಪಿದರೆ ಆ ನಷ್ಟ ನಿಜವಾದ ನಷ್ಟವೇ. ಅದನ್ನು ಸಣ್ಣದೆಂದು ಹೇಳಿ ಸಮಾಧಾನಪಡಿಸುವುದು ಧರ್ಮೋಪದೇಶವಾಗಲಾರದು.

ಆದರೆ ಎದುರು ತಟ್ಟೆಯಲ್ಲಿ ಏನಿದೆಯೆಂಬುದನ್ನೂ ತೂಗಿ ನೋಡಬೇಕು. ಷರತ್ತು ಮುರಿದರೆ 9ನೆಯ ಕಲಮಿನಂತೆ ನ್ಯಾಯಾಲಯವು ಅಪರಾಧಿಗೆ ವಾರಂಟನ್ನೋ ಸಮನ್ಸನ್ನೋ ಹೊರಡಿಸಬಹುದು, ಜಾಮೀನುದಾರರನ್ನೂ ಕರೆಸಬಹುದು, ಮೂಲ ಅಪರಾಧಕ್ಕೆ ಶಿಕ್ಷೆಯನ್ನೇ ವಿಧಿಸಬಹುದು. ವಾರಂಟು ಹೊರಟ ಮೇಲೆ 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿಕೊಳ್ಳಲೂ ಅವಕಾಶವಿದೆ. ಎಲ್ಲಕ್ಕಿಂತ ದೊಡ್ಡ ನಷ್ಟ 12ನೆಯ ಕಲಮಿನಲ್ಲಿದೆ. ಮುಚ್ಚಳಿಕೆಯ ಮೇಲೆ ಬಿಡುಗಡೆಯಾದವನಿಗೆ, ದೋಷಿಯೆಂಬ ಕಾರಣದಿಂದ ಬೇರೆ ಕಾನೂನುಗಳಲ್ಲಿ ಬರುವ ಅನರ್ಹತೆಗಳು ತಟ್ಟುವುದಿಲ್ಲವೆಂದು ಆ ಕಲಮು ರಕ್ಷಣೆ ಕೊಡುತ್ತದೆ. ಮುಂದೆ ಮೂಲ ಅಪರಾಧಕ್ಕೆ ಶಿಕ್ಷೆಯಾದರೆ ಆ ರಕ್ಷಣೆ ಹೋಗುತ್ತದೆ. ಹದಿನಾರು ತಿಂಗಳ ಅವಸರಕ್ಕಾಗಿ ಜೀವಮಾನದ ಕವಚವನ್ನು ಕಳಚಿ ಎಸೆದಂತಾಯಿತು. ಪರದೇಶದಲ್ಲಿ ಗಳಿಸಿದ ಹಣ ಮನೆಗೆ ಬರುವ ಹೊತ್ತಿನಲ್ಲಿಯೇ ಮುಪ್ಪಿನ ತಂದೆ ನ್ಯಾಯಾಲಯದ ಕಟ್ಟೆಯ ಮೇಲೆ ಉತ್ತರ ಹೇಳುತ್ತ ನಿಂತಿರಬೇಕಾದೀತು.

ಇನ್ನು ಅರ್ಜಿಯ ಪ್ರಶ್ನೆ. ಪಾಸ್‌ಪೋರ್ಟ್ ಕಾಯಿದೆಯಂತೆ, ಅರ್ಜಿಗೆ ಹಿಂದಿನ ಐದು ವರ್ಷಗಳೊಳಗೆ ನೈತಿಕ ಅಧಃಪತನದ ಅಪರಾಧಕ್ಕಾಗಿ ಎರಡು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸ ವಿಧಿಸಲ್ಪಟ್ಟಿದ್ದರೆ ಪಾಸ್‌ಪೋರ್ಟನ್ನು ನಿರಾಕರಿಸಬಹುದು. ಮುಚ್ಚಳಿಕೆಯ ಮೇಲೆ ಬಿಡಲ್ಪಟ್ಟವನಿಗೆ ಸೆರೆವಾಸವೇ ವಿಧಿಸಲ್ಪಟ್ಟಿರುವುದಿಲ್ಲ. ಆದುದರಿಂದ ಸತ್ಯ ಹೇಳಿದವನಿಗೆ ಬಾಗಿಲು ಮುಚ್ಚಿಯೇ ಹೋಯಿತೆಂದು ಭಾವಿಸಬೇಕಿಲ್ಲ. ಅದೇ ಕಾಯಿದೆಯಲ್ಲಿ ಸುಳ್ಳು ಮಾಹಿತಿ ಕೊಡುವುದಕ್ಕೂ ಮುಖ್ಯ ಸಂಗತಿಯನ್ನು ಮರೆಮಾಚುವುದಕ್ಕೂ ಎರಡು ವರ್ಷಗಳವರೆಗೆ ಸೆರೆವಾಸವಿದೆ. ಸತ್ಯದಿಂದ ತಡವಾಗಬಹುದು, ಸುಳ್ಳಿನಿಂದ ಹೊಸ ಅಪರಾಧವೇ ಹುಟ್ಟುತ್ತದೆ.

"12ನೆಯ ಕಲಮು ಎಲ್ಲವನ್ನೂ ಅಳಿಸಿತಲ್ಲ, 'ಎಂದಾದರೂ ದೋಷಿಯೆಂದು ನಿರ್ಣಯವಾಗಿದೆಯೇ' ಎಂಬ ಪ್ರಶ್ನೆಗೆ ಇಲ್ಲವೆಂದು ಬರೆದರೇನು?" ಎಂದು ಕೆಲವರು ವಾದಿಸುತ್ತಾರೆ. 1990ರಲ್ಲಿ ಬಕ್ಷಿ ರಾಮ್ ಎಂಬಾತನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಉತ್ತರ ಕೊಟ್ಟಿದೆ: ಆ ಕಲಮಿನಿಂದ ಅನರ್ಹತೆ ತೊಲಗುತ್ತದೆಯೇ ಹೊರತು ದೋಷನಿರ್ಣಯವು ಅಳಿಸಿಹೋಗುವುದಿಲ್ಲ. ಹೊರದೇಶಗಳ ಪದ್ಧತಿಯೂ ಭಿನ್ನವಲ್ಲ. ಅಮೆರಿಕದ ವೀಸಾ ಅರ್ಜಿಯು ಕ್ಷಮಾದಾನ ದೊರೆತ ಅಪರಾಧವನ್ನು ಸಹ ಹೇಳಬೇಕೆಂದು ಕೇಳುತ್ತದೆ. ಕೆನಡಾ ದೇಶದಲ್ಲಿ, ಹಿಂದಿನ ಅಪರಾಧದಿಂದ ಪ್ರವೇಶ ನಿಷಿದ್ಧನಾದವನು ಸುಧಾರಣೆಯ ಮನ್ನಣೆಗೆ ಅರ್ಜಿ ಹಾಕಲು, ಪರಿವೀಕ್ಷಣೆಯ ಅವಧಿಯೂ ಸೇರಿ ಶಿಕ್ಷೆ ಮುಗಿದು ಐದು ವರ್ಷ ಕಳೆದಿರಬೇಕು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಒಂದು. ನಂಬಿ ಇಟ್ಟ ಹಣವನ್ನು ಅಪಹರಿಸುವ ನ್ಯಾಸಾಪಹಾರವೂ ಅದೇ ಪಟ್ಟಿಯಲ್ಲಿದೆ. ಹಣದ ವಿಷಯದಲ್ಲಿ ನಂಬಿಕೆಗೆ ಎರವಾದವನು ಕಾಗದದ ವಿಷಯದಲ್ಲಿಯೂ ಎರವಾದರೆ, ಬಿದ್ದ ಹಳ್ಳದಲ್ಲಿಯೇ ಮತ್ತೆ ಬಿದ್ದಂತೆ.

ಅದೇ ಪಟ್ಟಿಯಲ್ಲಿ ಇನ್ನೆರಡು ಅತಿಚಾರಗಳಿವೆ; ಅವು ತರುಣನನ್ನು ಕುರಿತವಲ್ಲ, ಸುತ್ತಲಿನವರನ್ನು ಕುರಿತವು. ಯಾರಿಗೂ ಗೊತ್ತಾಗದು, ಹೊರಡು ಎನ್ನುವ ಹಿರಿಯನ ಮಾತು ಮಿಥ್ಯೋಪದೇಶ. ಬಸದಿಯ ಜಗಲಿಯಲ್ಲಿ, ಮದುವೆಯ ಚಪ್ಪರದಲ್ಲಿ ಅವನ ಕತೆಯನ್ನು ಪಿಸುಗುಟ್ಟುವುದು ರಹೋಭ್ಯಾಖ್ಯಾನ. ಒಬ್ಬನ ಪತನಕ್ಕೆ ಹತ್ತು ಮಂದಿ ಕೈಜೋಡಿಸಬಹುದೆಂಬುದನ್ನು ಆಚಾರ್ಯರು ಬಹು ಹಿಂದೆಯೇ ಕಂಡಿದ್ದರು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಲ್ಲವೇ, ಸಹಧರ್ಮಿಯ ದೋಷವನ್ನು ಮುಚ್ಚುವುದು ಧರ್ಮವಲ್ಲವೇ ಎಂಬ ಸಂದೇಹ ಇಲ್ಲಿ ಏಳುತ್ತದೆ. ಇದಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಉದಾಹರಿಸುವುದುಂಟು. ತ್ಯಾಗಿಯ ವೇಷದಲ್ಲಿ ಬಂದ ಕಳ್ಳನು ಶ್ರೇಷ್ಠಿಯ ರತ್ನವನ್ನು ಕದ್ದೋಡುವಾಗ ಕಾವಲಿನವರ ಕೈಗೆ ಸಿಕ್ಕಿಬೀಳುವುದರಲ್ಲಿದ್ದನು. ಆಗ ಶ್ರೇಷ್ಠಿಯು, ರತ್ನವನ್ನು ತರಲು ತಾನೇ ಹೇಳಿದ್ದೆನೆಂದು ಹೇಳಿ ಧರ್ಮಕ್ಕೆ ಬರಲಿದ್ದ ಅಪವಾದವನ್ನು ತಪ್ಪಿಸಿದನು. ಆದರೆ ಮೂರು ಸಂಗತಿಗಳನ್ನು ಗಮನಿಸಬೇಕು. ಕಳವಾದುದು ಶ್ರೇಷ್ಠಿಯ ಸ್ವಂತ ಸೊತ್ತು, ಕ್ಷಮಿಸುವ ಅಧಿಕಾರ ಅವನದೇ. ಆ ಮಾತಿನಿಂದ ಬೇರೊಬ್ಬನಿಗೆ ನಷ್ಟವಾಗಲಿಲ್ಲ. ಏಕಾಂತದಲ್ಲಿ ಅವನು ಕಳ್ಳನನ್ನು ಖಂಡಿಸದೆ ಬಿಡಲಿಲ್ಲ. ಮುಚ್ಚಳಿಕೆಯನ್ನು ಮರೆಮಾಚುವವನಿಗೆ ಈ ಮೂರರಲ್ಲಿ ಒಂದೂ ಇಲ್ಲ. ಉಪಗೂಹನವೆಂದರೆ ಕೇಳುವ ಹಕ್ಕಿಲ್ಲದವರ ಮುಂದೆ ಬಾಯಿ ಬಿಡದಿರುವುದು. ನ್ಯಾಯಾಲಯ, ಪಾಸ್‌ಪೋರ್ಟ್ ಅಧಿಕಾರಿ, ಪರದೇಶದ ಸರಕಾರ, ಕೇಳಿದ ಧಣಿ, ನಾಳೆ ಹೆಣ್ಣು ಕೊಡುವ ಮನೆಯವರು ಇವರೆಲ್ಲ ತಿಳಿಯುವ ಹಕ್ಕುಳ್ಳವರು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕೆಲಸವಿದೆ. ನಡತೆಯ ಪತ್ರ ಬೇಕೆಂದು ತಂದೆಯೊಬ್ಬ ಬಂದಾಗ, ಇವನ ಮೇಲೆ ಯಾವ ಪ್ರಕರಣವೂ ಇಲ್ಲವೆಂದು ಮುದ್ರೆ ಒತ್ತಿ ಕೊಡುವುದು ಕರುಣೆಯಂತೆ ಕಂಡರೂ ಕೂಟಲೇಖವೇ. ಇಷ್ಟು ವರ್ಷಗಳಿಂದ ಕುಟುಂಬವನ್ನು ಬಲ್ಲೆವು, ತೀರ್ಪಿನ ನಂತರ ಇವನ ನಡತೆ ಹೀಗಿದೆ, ಹಣ ಹಿಂತಿರುಗಿಸಿದ್ದಾನೆ ಎಂದು ನಿಜವನ್ನೇ ಬರೆದುಕೊಟ್ಟರೆ ಅದು ನ್ಯಾಯಾಲಯದಲ್ಲಿಯೂ ಅವನಿಗೆ ಆಧಾರವಾದೀತು. ಅದಕ್ಕಿಂತ ಹೆಚ್ಚಿನದು ಸ್ಥಿತಿಕರಣ. ವಾರಿಷೇಣ ಮುನಿಗಳು ವ್ರತದಿಂದ ಜಾರುತ್ತಿದ್ದ ಜೊತೆಗಾರ ಮುನಿಯನ್ನು ದೂರದಿಂದ ಉಪದೇಶಿಸಲಿಲ್ಲ; ಜೊತೆಯಲ್ಲಿಯೇ ನಡೆದು ಸ್ಥಿರಗೊಳಿಸಿದರು. ಊರಿನಲ್ಲಿ ಒಬ್ಬ ವರ್ತಕನಾದರೂ ಆ ತರುಣನಿಗೆ ಹದಿನಾರು ತಿಂಗಳ ಕೆಲಸ ಕೊಟ್ಟರೆ, ನಗದಿನ ಪೆಟ್ಟಿಗೆಯ ಬಳಿಯಲ್ಲದಿದ್ದರೆ ಗೋದಾಮಿನಲ್ಲಾದರೂ ಸರಿ, ಕಡಲಾಚೆಯ ಅವಸರ ಅರ್ಧ ತಗ್ಗುತ್ತದೆ. ಕಾಯಿರಿ ಎಂದು ಹೇಳುವ ಸಮಾಜವು ಕಾಯುವವನ ಊಟಕ್ಕೂ ದಾರಿ ತೋರಿಸಬೇಕು. ಇಲ್ಲವಾದರೆ ಆ ಉಪದೇಶಕ್ಕೆ ಬೆಲೆಯಿಲ್ಲ.

ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನ, ಗುರುವಿನ ಮುಂದೆ ದೋಷವನ್ನು ಮರೆಮಾಚದೆ ನಿವೇದಿಸುವುದು. ಎಂಟನೆಯದು ಪರಿಹಾರ, ನಿಯತಕಾಲ ಸಂಘದಿಂದ ದೂರವಿರಿಸುವುದು. ಕೊನೆಯದು ಉಪಸ್ಥಾಪನ, ಮತ್ತೆ ವ್ರತದಲ್ಲಿ ನೆಲೆಗೊಳಿಸುವುದು. ಇವು ಮುನಿಗಳಿಗೆ ಹೇಳಿದವು; ಆದರೆ ಈ ಕ್ರಮದಲ್ಲಿ ಗೃಹಸ್ಥನಿಗೂ ಪಾಠವಿದೆ. ನಿವೇದನೆಯಿಂದ ಹೊರಟ ದಾರಿ ಮರಳಿ ಸೇರಿಸಿಕೊಳ್ಳುವುದರಲ್ಲಿ ಮುಗಿಯುತ್ತದೆ, ಅವಧಿಗೆ ಕೊನೆಯಿದೆ. ಮುಚ್ಚಳಿಕೆ ತೀರಿದ ದಿನ ಆ ತರುಣನು ಪರದೇಶಕ್ಕೆ ಹೊರಟರೆ, ಅಥವಾ ಅದಕ್ಕೆ ಮುನ್ನವೇ ನ್ಯಾಯಾಲಯದ ಅನುಮತಿಪತ್ರ ಹಿಡಿದು ಹೊರಟರೆ, ಅವನನ್ನು ಬೀಳ್ಕೊಡಲು ಇನ್ನಂಜೆಯ ರೈಲು ನಿಲ್ದಾಣಕ್ಕೆ ತಂದೆ ತಲೆಯೆತ್ತಿ ಬರಬಹುದು. ಅರ್ಜಿಯಲ್ಲಿ ಅವನು ಹೌದು ಎಂದು ಬರೆಯಬೇಕಾದೀತು. ಅದರ ಕೆಳಗೆ ಅವಧಿ ಪೂರೈಸಿದ್ದೇನೆಂದೂ ಬರೆಯಬಹುದು. ಆ ಎರಡನೆಯ ಸಾಲನ್ನು ಬರೆಯುವ ಯೋಗ್ಯತೆ ಅವನಿಗೆ ಬರುವಂತೆ ನೋಡಿಕೊಳ್ಳುವುದರಲ್ಲಿ ಕುಟುಂಬಕ್ಕೂ ಸಮಾಜಕ್ಕೂ ಸಮಪಾಲಿದೆ.